ನೂರೊಂದು ತೆಂಗಿನಕಾಯಿಯ ಲಕ್ಷ್ಮಿ

ಮೊನ್ನೆ ನನ್ನ ಸೊಸೆಗೆ ಇದ್ದಕ್ಕಿದ್ದಂತೆ ನನ್ನ ಬೀರುವಿನ ಮೇಲೆ ಕನಿಕರ ಹುಟ್ಟಿತು. ಸೀರೆಗಳನ್ನೆಲ್ಲ ಬಿಸಿಲಿಗೆ ಹಾಕುತ್ತೇನೆ ಎಂದು ಹೊತ್ತುಕೊಂಡು ಮಹಡಿಗೆ ಹೋದವಳು ಹತ್ತೇ ನಿಮಿಷದಲ್ಲಿ ದಡದಡ ಇಳಿದುಬಂದಳು. ಕೈಯಲ್ಲಿ ನನ್ನ ಧಾರೆ ಸೀರೆ. "ಅತ್ತೇ, ಬೀರೂಲಿ ಇಲಿ ಸೇರ್ಕೊಂಡಿದೆ! ನೋಡಿ ಇಲ್ಲಿ, ಹೆಂಗೆ ತಿಂದಾಕಿದೆ" ಎಂದಳು.

ನೋಡಿದೆ. ಅರಿಶಿನ ಬಣ್ಣದ ರೇಷ್ಮೆ, ಗಿಣಿ ಹಸಿರು ಅಂಚು. ಒಳಗೆ ಸಿಕ್ಕಿಸಿಕೊಳ್ಳುವ ತುದಿಯಲ್ಲಿ ಉದ್ದ ಒಂದು ಗೇಣು, ಅಗಲ ಒಂದು ಗೇಣು, ಚೌಕವಾಗಿ ಮಾಯವಾಗಿದೆ. ಇಷ್ಟು ಅಳತೆ ಹಿಡಿದು ತಿನ್ನುವ ಇಲಿಯಾದರೆ ಅದನ್ನು ಹಿಡಿದು ಟೈಲರ್ ಅಂಗಡಿಯಲ್ಲಿ ಕೂರಿಸಬೇಕು. "ಇಲಿಯಲ್ಲ ಕಣೇ. ಅದು ಲಕ್ಷ್ಮಿ" ಎಂದೆ. ಸೊಸೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡ್ರಾ ಅತ್ತೆ?" ಎಂದು ಕೇಳಿದಳು.

ತಪ್ಪು ಅವಳದಲ್ಲ. ಈಗಿನ ಮನೆಗಳಲ್ಲಿ ದೇವರು ಒಂದು ಕಪಾಟಿನೊಳಗೆ ಮುದುರಿ ಕೂತಿರುತ್ತಾನೆ. ನಮ್ಮ ಕಾಲದಲ್ಲಿ ಹಾಗಲ್ಲ. ಕುಣಿಗಲ್ಲಿನ ನನ್ನ ತವರಿನಲ್ಲಿ ನಡುಮನೆಯ ನಾಲ್ಕು ಗೋಡೆಯನ್ನೂ ದೇವರುಗಳೇ ಆಕ್ರಮಿಸಿಕೊಂಡಿದ್ದರು. ನಮ್ಮಪ್ಪನಿಗೊಂದು ತೆಂಗಿನ ತೋಟವಿತ್ತು. ಕಾಯಿ ಕೊಳ್ಳುವ ಮಂಡಿಯವರು ವರ್ಷಕ್ಕೊಂದು ಕ್ಯಾಲೆಂಡರು ಕೊಡುತ್ತಿದ್ದರು. ವರ್ಷ ಮುಗಿದ ಮೇಲೆ ತಾರೀಕು ಕತ್ತರಿಸಿ ಎಸೆದು, ದೇವರಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸುವುದು ಅಪ್ಪನ ಪದ್ಧತಿ. ಕತ್ತರಿಸುವಾಗ ಕೈ ಕೊಂಚ ಆಚೀಚೆಯಾಗಿ ಒಬ್ಬ ಕೃಷ್ಣನ ಪಾದದ ಕೆಳಗೆ 'ಕೊಬ್ಬರಿ, ಹುಣಿಸೆಹಣ್ಣು ಸಗಟು ವ್ಯಾಪಾರ' ಎಂಬ ಸಾಲು ಉಳಿದುಬಿಟ್ಟಿತ್ತು. ಬೆಣ್ಣೆ ಬಿಟ್ಟ ಮೇಲೆ ಕೃಷ್ಣ ಹುಣಿಸೆಹಣ್ಣಿನ ವ್ಯಾಪಾರ ಮಾಡಿಕೊಂಡಿದ್ದ ಎಂದೇ ನಾನು ಮೂರನೇ ಕ್ಲಾಸಿನವರೆಗೂ ನಂಬಿದ್ದೆ.

ಇಷ್ಟು ದೇವರ ಎದುರಿಗೆ ಬೆಲ್ಲ ಕದಿಯುವುದು ಸುಲಭವೇ, ನೀವೇ ಹೇಳಿ. ಬೆಲ್ಲದ ಡಬ್ಬಿ ಇದ್ದದ್ದು ನಡುಮನೆಯ ಮೂಲೆಯಲ್ಲಿ. ನಾನು ಸ್ಟೂಲು ಹತ್ತಿ ಮೊದಲು ಆಯಕಟ್ಟಿನ ದೇವರುಗಳಿಗೆಲ್ಲ ಟವೆಲು ಮುಚ್ಚುತ್ತಿದ್ದೆ. ಸುಬ್ರಹ್ಮಣ್ಯನಿಗೆ ಆರು ಮುಖ, ಅವನಿಗೆ ಸ್ನಾನದ ದೊಡ್ಡ ಟವೆಲೇ ಬೇಕಾಗುತ್ತಿತ್ತು. ಶನಿ ಮಹಾತ್ಮನಿಗೆ ಮಾತ್ರ ಮುಚ್ಚಲು ಧೈರ್ಯ ಬರುತ್ತಿರಲಿಲ್ಲ, ಅವನ ಪಾಲಿಗೆ ಒಂದು ಚೂರು ಬೆಲ್ಲ ಕಟ್ಟಿನ ಮೇಲೆ ಇಟ್ಟುಬಿಡುತ್ತಿದ್ದೆ. ಒಂದು ದಿನ ಶನಿಯ ಪಟಕ್ಕೆ ಇರುವೆ ಮುತ್ತಿ ನನ್ನ ಬಂಡವಾಳ ಬಯಲಾಯಿತು.

ಎಪ್ಪತ್ತರ ದಶಕದ ಮಧ್ಯದಲ್ಲಿ ನನ್ನ ಮದುವೆಯಾಯಿತು. ಬಂದು ಸೇರಿದ್ದು ತುಮಕೂರಿಗೆ, ಮರಳೂರಿನ ಪುಟ್ಟ ಮನೆಗೆ. ಮನೆಯಲ್ಲಿ ಮೂರೇ ಜನ: ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮೆಜಮಾನರು, ನಾನು, ನಮ್ಮತ್ತೆ ಕಾವೇರಮ್ಮನವರು. ನಮ್ಮತ್ತೆಯ ವಿಶೇಷವೇನೆಂದರೆ ಅವರು ಬಾಯಿಬಿಟ್ಟು 'ನನಗೆ ಬೇಕು' ಅಂದವರಲ್ಲ. ಅವರಿಗೆ ಕಾಫಿ ಬೇಕಾದರೆ "ನಿಮಗ್ಯಾರಿಗಾದ್ರೂ ಕಾಫಿ ಬೇಕಾಗಿತ್ತೇನೋ" ಎನ್ನುವರು. ಚಳಿಯಾದರೆ "ಪಾಪ, ಕಿಟಕಿಗೆ ಚಳಿ" ಎನ್ನುವಷ್ಟು ಸಂಕೋಚ.

ನನ್ನ ವಿಶೇಷ ಇದಕ್ಕೆ ಉಲ್ಟಾ. ನನಗೆ ಹಳೆಯದು, ಮಾಸಲು ಏನಾದರೂ ಕಂಡರೆ ಕೈ ಸುಮ್ಮನಿರುವುದಿಲ್ಲ. ಉಜ್ಜಿ, ತಿಕ್ಕಿ, ಹೊಸದು ಮಾಡಿದರೇ ಸಮಾಧಾನ. ಮದುವೆಯಾಗಿ ಬಂದ ಎರಡನೇ ವಾರವೇ ಅಡುಗೆಮನೆಯ ಕಾವಲಿ ಕಣ್ಣಿಗೆ ಬಿತ್ತು. ಕರ್ರಗೆ, ಮಂದವಾಗಿ, ಎಣ್ಣೆ ಕುಡಿದು ಕೂತಿತ್ತು. ಇಟ್ಟಿಗೆ ಪುಡಿ, ಬೂದಿ, ತೆಂಗಿನ ನಾರು ಹಾಕಿ ಒಂದು ಮಧ್ಯಾಹ್ನವಿಡೀ ತಿಕ್ಕಿ, ಮುಖ ನೋಡಿಕೊಳ್ಳುವ ಹಾಗೆ ಹೊಳೆಯಿಸಿದೆ. ಮೂವತ್ತು ವರ್ಷ ಪಳಗಿದ್ದ ಕಾವಲಿ ಅದು. ಆಮೇಲೆ ಮೂರು ತಿಂಗಳು ನಮ್ಮ ಮನೆಯಲ್ಲಿ ದೋಸೆ ಎಂಬುದು ಎದ್ದು ಬರಲಿಲ್ಲ, ಕೆರೆದು ಕೆರೆದು ಉಪ್ಪಿಟ್ಟಿನ ಹಾಗೆ ತಿಂದೆವು. ನಮ್ಮತ್ತೆ ಅಂದದ್ದು ಇಷ್ಟೇ: "ಕಾವಲಿ ನೋಡಕ್ಕೆ ಚೆನ್ನಾಗಿದೆ ಕಣಮ್ಮ."

ಅತ್ತೆಯ ತವರು ಗುಬ್ಬಿ. ಹತ್ತಿರವೇ, ರೈಲು ಹತ್ತಿದರೆ ಕಡಲೆಕಾಯಿ ಪೊಟ್ಟಣ ಮುಗಿಯುವಷ್ಟರಲ್ಲಿ ಊರು ಬರುತ್ತದೆ. ಆದರೂ ಅತ್ತೆ ಆ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಕಾರಣ ಒಂದು ತೆಂಗಿನಕಾಯಿ. ಅಲ್ಲಿ ಯಾವುದೋ ನಾಮಕರಣದಲ್ಲಿ ಅತ್ತೆಯ ದೊಡ್ಡ ತಮ್ಮನ ಹೆಂಡತಿ ಸಾವಿತ್ರತ್ತೆ ಇವರಿಗೆ ಕೊಟ್ಟ ತಾಂಬೂಲದ ಕಾಯಿ ಒಡಕಾಗಿತ್ತಂತೆ. ಮನೆಗೆ ಬಂದು ನೋಡಿದರೆ ನೀರೆಲ್ಲ ಸೋರಿ ಚೀಲ ಒದ್ದೆ. ಮನೆಮಗಳಿಗೆ ಒಡಕು ಕಾಯಿ ಕೊಟ್ಟಳಲ್ಲ ಎಂದು ಇವರು ನೊಂದುಕೊಂಡರು. ಬೇಕೆಂದು ಕೊಟ್ಟೆನೇ ಎಂದು ಅವರು ನೊಂದುಕೊಂಡರು. ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ನಮ್ಮತ್ತೆ ಕೇಳುವವರಲ್ಲ ಎಂದು ಆಗಲೇ ಹೇಳಿದೆನಲ್ಲ.

ಹೀಗಿರುವಾಗ ಗುಬ್ಬಿಯಿಂದ ಒಂದು ಕಾರ್ಡು ಬಂತು. ಅತ್ತೆಯ ಮೂವರು ತಮ್ಮಂದಿರೂ ಪಾಲಾಗುತ್ತಿದ್ದಾರೆ, ಹಳೆಯ ಮನೆ ಕೊಟ್ಟುಬಿಡುತ್ತಿದ್ದಾರೆ. ಗದ್ದೆ ಅಳೆದು ಹಂಚಿಕೊಂಡರು, ಪಾತ್ರೆ ತೂಗಿ ಹಂಚಿಕೊಂಡರು. ಗೋಡೆಯ ಮೇಲಿನ ನಲವತ್ತು ಚಿಲ್ಲರೆ ದೇವರ ಪಟಗಳನ್ನು ಹಂಚಲು ಕೂತಾಗ ಮಾತ್ರ ಜಗಳ ಹತ್ತಿತು. ವೆಂಕಟರಮಣ ಮೂವರಿಗೂ ಬೇಕು, ಶನಿ ಮೂವರಿಗೂ ಬೇಡ. ಕೊನೆಗೆ ಊರಿನ ಹಿರಿಯರು ತೀರ್ಮಾನ ಕೊಟ್ಟರು: ಪಟಗಳನ್ನೂ ದೇವರ ಮನೆಯ ಸಾಮಾನನ್ನೂ ಜಗುಲಿಯ ಮೇಲೆ ಹರಾಜು ಹಾಕಿ, ಯಾರು ಬೇಕಾದರೂ ಕೂಗಲಿ. ಆದರೆ ದೇವರಿಗೆ ದುಡ್ಡಿನ ಬೆಲೆ ಕಟ್ಟಬಾರದು, ತೆಂಗಿನಕಾಯಿ ಲೆಕ್ಕದಲ್ಲಿ ಕೂಗಬೇಕು. ಗೆದ್ದವರು ಅಷ್ಟು ಕಾಯಿಯನ್ನು ಊರ ದೇವಸ್ಥಾನಕ್ಕೆ ಒಪ್ಪಿಸಬೇಕು.

ಅತ್ತೆ ಕಾರ್ಡು ಓದಿ ದೇವರ ಗೂಡಿನಲ್ಲಿಟ್ಟರು. ಮಾರನೆಯ ದಿನ ಅಕ್ಕಿ ಆರಿಸುತ್ತಾ ಕೂತಿದ್ದವರು ಮೊರದಿಂದ ತಲೆ ಎತ್ತದೆ, "ಶಾರದಾ, ಅಲ್ಲೊಂದು ಗಜಲಕ್ಷ್ಮಿ ಪಟ ಇದೆ ಕಣೇ. ಅಚ್ಚಿನ ಪಟದ ಮೇಲೆ ಬಟ್ಟೆ ಸೀರೆ ಅಂಟ್ಸಿರೋದು. ಕುಂಕುಮದ ಬಣ್ಣ. ಬಲಗಡೆ ಆನೆಗೆ ಹುಳ ತಿಂದು ಕಣ್ಣಿಲ್ಲ" ಎಂದರು.

"ಹೂಂ ಅತ್ತೆ."

"ನನಗೆ ಅದು ಬೇಕು."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವರ ಕಡೆ ತಿರುಗಿದೆ. ಪಕ್ಕದಲ್ಲಿ ಪೇಪರು ಓದುತ್ತಿದ್ದ ನಮ್ಮೆಜಮಾನರೂ ಪೇಪರು ಇಳಿಸಿ ತಾಯಿಯನ್ನು ನೋಡಿದರು. ಹುಟ್ಟಿ ಇಪ್ಪತ್ತೆಂಟು ವರ್ಷವಾದರೂ ಅವರೂ ಆ ಮಾತು ಕೇಳಿರಲಿಲ್ಲ. "ನನಗೆ ಅಂತ ಮಾತ್ರ ಹೇಳ್ಬೇಡ" ಎಂದು ಅತ್ತೆ ಮತ್ತೆ ಅಕ್ಕಿಗೆ ತಲೆ ಬಗ್ಗಿಸಿದರು. ಏನಾದರಾಗಲಿ, ಆ ಲಕ್ಷ್ಮಿಯನ್ನು ಬಿಟ್ಟು ಬರುವುದಿಲ್ಲ ಎಂದು ನಾನು ಅಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಕಾವಲಿಯ ಋಣ ಬೇರೆ ನನ್ನ ತಲೆಯ ಮೇಲಿತ್ತು.

ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋದ ಗುಬ್ಬಿಯ ಆ ಜಗುಲಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಥ ಪಟಗಳನ್ನು ನಾನು ಕಂಡೇ ಇರಲಿಲ್ಲ. ನಮ್ಮಪ್ಪನ ಮಂಡಿ ದೇವರುಗಳು ಇವುಗಳ ಮುಂದೆ ಬಡವರು. ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಬರೆದ, ಕೆನ್ನೆ ತುಂಬಿದ ಕೃಷ್ಣ. ಜರ್ಮನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದ ಸರಸ್ವತಿ, ದೊರೆಸಾನಿಯ ಹಾಗೆ ಕೆಂಪು ತುಟಿ. ಮಣಿ ಪೋಣಿಸಿ ಮಾಡಿದ ಗಣಪತಿ, ಯಾರೋ ಮಠದ ಸ್ವಾಮಿಗಳು ಪಲ್ಲಕ್ಕಿಯಲ್ಲಿ ಕೂತ ಮಾಸಲು ಫೋಟೋ, ಮೇಣ ಹಾಕಿ ಮುಚ್ಚಿದ ಕಾಶಿಯ ಗಂಗೆ ತಂಬಿಗೆ. ಒಳಗೆ ನಡುಮನೆಯ ಗೋಡೆಯ ಮೇಲೆ ಪಟ ಇದ್ದ ಜಾಗದಲ್ಲೆಲ್ಲ ಬೆಳ್ಳನೆಯ ಚೌಕಗಳು ಉಳಿದಿದ್ದವು.

ಹರಾಜು ಕೂಗಲು ಬಂದವನು ನಂಜಪ್ಪ. ಅವನ ಮಾಮೂಲು ಕೆಲಸ ಹುಣಿಸೆಮರದ ಫಸಲು, ಸಂತೆಯ ಸುಂಕ ಕೂಗುವುದು. ದೇವರ ತಲೆಯ ಮೇಲೆ 'ಒಂದ್ಸಲ, ಎರಡ್ಸಲ, ಮೂರ್ಸಲ' ಅಂದು ತೀರಿಸುವುದು ಅಪಶಕುನ ಎಂದು ಅವನೊಂದು ಉಪಾಯ ಮಾಡಿದ್ದ. ಪ್ರತಿ ಪಟಕ್ಕೂ ತಟ್ಟೆಯಲ್ಲಿ ಒಂದು ಬಿಲ್ಲೆ ಕರ್ಪೂರ ಹಚ್ಚುವುದು. ಕರ್ಪೂರ ಆರುವಾಗ ಯಾರ ಕೂಗು ಕೊನೆಯದೋ ದೇವರು ಅವರ ಮನೆಗೆ. ಹೀಗಾಗಿ ಜಗುಲಿಯ ಮೇಲೆ ಗಾಳಿಗೆ ಭಾರೀ ಮಹತ್ವ ಬಂದಿತ್ತು. ಕೂಗಿದವರು ಬಾಯಿಂದ ಉಫ್ ಎನ್ನುವಂತೆ ಕೆಮ್ಮುವುದು, ಕೂಗಬೇಕಾದವರು ಕೈ ಅಡ್ಡ ಹಿಡಿಯುವುದು ನಡೆದೇ ಇತ್ತು. ವೆಂಕಟರಮಣನ ಸರದಿಯಲ್ಲಿ ಮೂವರು ತಮ್ಮಂದಿರಿಗೂ ಒಟ್ಟಿಗೇ ನೆಗಡಿ ಬಂತು.

ನಡುವೆ ಒಂದು ಜೊತೆ ಮರದ ಪಾದುಕೆ ಬಂದವು. "ನೋಡ್ರಪ್ಪಾ, ಯಾರೋ ಮಹಾತ್ಮರು ಈ ಮನೇಲಿ ತಂಗಿದ್ದಾಗ ಬಿಟ್ಟೋದ ಪಾದುಕೆ! ನೂರು ವರ್ಷದ್ದು!" ಎಂದು ನಂಜಪ್ಪ ಎತ್ತಿ ಹಿಡಿದ. ಹೆಂಗಸರೆಲ್ಲ ನುಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ನಾನೂ ಒತ್ತಿಕೊಂಡೆ. ಕೂಗು ಮೂವತ್ತು ಕಾಯಿಗೆ ಏರಿ ಕರ್ಪೂರ ಆರಿತು. ಆಗ ಕಂಬಕ್ಕೆ ಒರಗಿ ಕೂತಿದ್ದ ಆ ಮನೆಯ ಹಣ್ಣು ಮುದುಕಿಯೊಬ್ಬರು, "ಅಯ್ಯೋ ನಿಮ್ಮ! ಅದು ನಮ್ಮಪ್ಪ ಚೊಂಬು ಹಿಡ್ಕೊಂಡು ಹಿತ್ಲಿಗೋಗೋವಾಗ ಮೆಟ್ಕೊಂತಿದ್ದಿದ್ದು ಕಣ್ರೋ!" ಎಂದರು. ಆಮೇಲೆ ಹೆಂಗಸರೆಲ್ಲ ಬಚ್ಚಲಿಗೆ ಸಾಲು ಹಚ್ಚಿದೆವು. ಕೂಗಿ ಗೆದ್ದವನಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. "ಕರ್ಪೂರ ಆರೋಗದೆ, ತಗಂಡೋಗು" ಎಂದ ನಂಜಪ್ಪ.

ಕೊನೆಗೆ ನನ್ನ ಗಜಲಕ್ಷ್ಮಿ ಬಂದಳು. ಬಲಗಡೆ ಆನೆಯನ್ನು ನೋಡಿದೆ, ಕಣ್ಣಿಲ್ಲ. ಇವಳೇ. ಗಾಜು ಮಬ್ಬು, ಕಟ್ಟು ಹುಳುಕು, ಸೀರೆಯ ಕುಂಕುಮ ಬಣ್ಣ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನನ್ನ ಕೈ ಆಗಲೇ ಕೆರೆಯತೊಡಗಿತು. ಇಂಥ ಹಳೆಯ ಪಟಕ್ಕೆ ಯಾರು ಬರುತ್ತಾರೆ, ಐದು ಕಾಯಿಗೆ ಮುಗಿಯುತ್ತದೆ ಎಂದುಕೊಂಡು "ಐದು" ಎಂದೆ.

"ಇಪ್ಪತ್ತೈದು" ಎಂದಿತು ಬಾಗಿಲಿನಿಂದ ಒಂದು ಗಂಟಲು. ತಿರುಗಿ ನೋಡಿದರೆ ಸಾವಿತ್ರತ್ತೆ.

"ಮೂವತ್ತು." "ಐವತ್ತು." "ಅರವತ್ತು." "ಎಂಬತ್ತು." ಪಕ್ಕದಲ್ಲಿ ನಮ್ಮೆಜಮಾನರು ನನ್ನ ಸೆರಗು ಜಗ್ಗುತ್ತಾ, "ಲೇ, ಅಷ್ಟು ಕಾಯಿ ಎಲ್ಲಿಂದ ತರ್ತೀಯೇ? ನಮ್ಮನೇಲಿರೋದು ಒಂದು ಕರಿಬೇವಿನ ಗಿಡ!" ಎಂದು ಪಿಸುಗುಟ್ಟಿದರು. ನಾನು "ನೂರು!" ಎಂದುಬಿಟ್ಟೆ. ಕರ್ಪೂರ ಕಡಲೆಕಾಳಿನಷ್ಟಾಗಿತ್ತು. ಸಾವಿತ್ರತ್ತೆ ಮುಂದೆ ಬಂದರು.

"ಏನಮ್ಮ ಶಾರದಾ, ಈ ಲಕ್ಷ್ಮಿ ನಿಂಗಾ, ನಿಮ್ಮತ್ತೆಗಾ?"

"ನಂಗೇ."

"ಅತ್ತಿಗೆ ಬಂದು ಬಾಯಿಬಿಟ್ಟು ಕೇಳಿದ್ರೆ ಒಂದು ಕಾಯೂ ಇಲ್ದೆ ಕೊಟ್ಬುಡ್ತಿದ್ದೆ ಕಣಮ್ಮ."

"ನಂಗೇ ಅಂತ ಹೇಳಿದ್ನಲ್ಲ. ನೂರೊಂದು!" ಎಂದೆ. ನನ್ನ ಕೂಗಿನ ಮೇಲೆ ನಾನೇ ಏರಿಸಿದ್ದೆ ಎಂಬುದು ಹೊಳೆದದ್ದು ರೈಲಿನಲ್ಲಿ ಕೂತ ಮೇಲೆ. ಸಾವಿತ್ರತ್ತೆ ನನ್ನನ್ನೇ ನೋಡಿ ನಕ್ಕರು. ಆಮೇಲೆ ಸೆರಗನ್ನು ಬಿಚ್ಚಿ, ಜೋರಾಗಿ ಒಮ್ಮೆ ಕೊಡವಿ ಮತ್ತೆ ಹೊದ್ದುಕೊಂಡರು. ಆ ಗಾಳಿಗೆ ಕರ್ಪೂರ ಆರಿಹೋಯಿತು. "ತಗೊಂಡೋಗಿ ಕೊಡು ಅತ್ತಿಗೆಗೆ. ಕಾಯಿ ಮಾತ್ರ ಒಡಕಿರಬಾರದು ಅಂತ ಹೇಳು" ಎಂದು ಒಳಗೆ ನಡೆದರು.

ನೂರೊಂದು ಕಾಯಿಗೆ ಕುಣಿಗಲ್ಲಿನ ನಮ್ಮಪ್ಪನೇ ಗತಿ. ಅವರು ನಾಲ್ಕನೇ ದಿನವೇ ಬಸ್ಸಿನ ಟಾಪಿನ ಮೇಲೆ ಮೂರು ಮೂಟೆ ಹೇರಿಕೊಂಡು ಮರಳೂರಿಗೆ ಬಂದಿಳಿದರು. "ಮಗಳ ಮದುವೇಗೂ ಇಷ್ಟು ಕಾಯಿ ಖರ್ಚಾಗಿರ್ಲಿಲ್ಲ" ಎಂದು ನಕ್ಕು ನೀರು ಕುಡಿದರು. ನಮ್ಮತ್ತೆ ಮೂಟೆ ಬಿಚ್ಚಿಸಿ, ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಕೇಳಿಸಿದ್ದನ್ನು ಮಾತ್ರ ಎಣಿಸಿ ಬೇರೆ ಇಟ್ಟರು. ಒಂದು ಇಡೀ ಬೆಳಗ್ಗೆ ನಮ್ಮ ಮನೆಯಲ್ಲಿ ಗುಳುಕ್ ಗುಳುಕ್ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ನಮ್ಮೆಜಮಾನರು ರಜೆ ಹಾಕಿ ಗುಬ್ಬಿಗೆ ಮುಟ್ಟಿಸಿ ಬಂದರು.

ಆದರೆ ಲಕ್ಷ್ಮಿ ಮಾತ್ರ ಇನ್ನೂ ಮನೆಗೆ ಬಂದಿರಲಿಲ್ಲ. ಯಾಕೆಂದರೆ ನಾನು ಗುಬ್ಬಿಯಿಂದ ಬರುವಾಗಲೇ ತುಮಕೂರಿನ ಪೇಟೆಯಲ್ಲಿದ್ದ ರಂಗಪ್ಪನ ಕಟ್ಟಿನ ಅಂಗಡಿಗೆ ಅವಳನ್ನು ಕೊಟ್ಟುಬಂದಿದ್ದೆ. ಅಂಥ ಮಾಸಲು ಪಟವನ್ನು ಅತ್ತೆಯ ಕೈಗೆ ಹೇಗೆ ಕೊಡುವುದು? "ಹಳೇದೆಲ್ಲ ತೆಗೆದು ನೀಟಾಗಿ ಮಾಡ್ಕೊಡಿ ರಂಗಪ್ಪ" ಎಂದಿದ್ದೆ. ಮನೆಯಲ್ಲಿ ಅತ್ತೆ, "ಗಾಜು ತಾನೇ ಬದಲಾಯಿಸ್ತಿರೋದು?" ಎಂದು ಎರಡು ಸಲ ಕೇಳಿದರು. "ಹೂಂ ಅತ್ತೆ, ಗಾಜು" ಎಂದೆ. ಆಶ್ಚರ್ಯಪಡಿಸಬೇಕೆಂಬ ಹುಮ್ಮಸ್ಸು ನನಗೆ. ಅತ್ತೆ ತಾವೇ ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆದು, ಆ ಮೊಳೆಗೆ ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚುತ್ತಾ ಕಾದರು.

ರಂಗಪ್ಪ ಸಾಮಾನ್ಯನಲ್ಲ. ದೇವರ ಕಟ್ಟಿಗೆ ಮೊಳೆ ಹೊಡೆಯುವಾಗ ಪ್ರತಿ ಏಟಿಗೂ "ತಪ್ಪಾಯ್ತು ಸ್ವಾಮಿ" ಎನ್ನುವವನು. ಒಡೆದ ಗಾಜು, ಹರಿದ ದೇವರು, ಕಟ್ಟಿನಿಂದ ಬಿದ್ದ ಕುಂಕುಮದ ಪುಡಿ, ಯಾವುದನ್ನೂ ಕಸಕ್ಕೆ ಹಾಕುತ್ತಿರಲಿಲ್ಲ. ಎಲ್ಲ ಒಂದು ಗೋಣಿಚೀಲಕ್ಕೆ. ಅಮಾವಾಸ್ಯೆಗೊಂದು ಸಲ ಆ ಚೀಲವನ್ನು ಅಶ್ವತ್ಥಕಟ್ಟೆಗೆ ಹೊತ್ತು, ಮರದ ಬುಡದಲ್ಲಿ ಸುರಿದು, ಕೈಮುಗಿದು ಬರುವನು. ನಾನು ಪಟ ತರಲು ಹೋದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆಯೇ. ಅವನು ಚೀಲದ ಬಾಯಿಗೆ ಹುರಿ ಕಟ್ಟುತ್ತಿದ್ದ.

ಲಕ್ಷ್ಮಿಯನ್ನು ನೋಡಿ ಕುಣಿಯುವ ಹಾಗಾಯಿತು. ಫಳಫಳ ಹೊಸ ಗಾಜು, ಚಿನ್ನದ ಬಣ್ಣದ ಕಟ್ಟು. ಮೈತುಂಬ ಗುಲಾಬಿ ಬಣ್ಣದ ಜಗಜಗ ಬಟ್ಟೆ, ಅದರ ಮೇಲೆ ಚಮಕಿ. ಆನೆಗೆ ಕಣ್ಣು ಕೂಡ ಬಂದಿತ್ತು. ಆದರೆ ರಂಗಪ್ಪನ ಕುಂಚ ಸ್ವಲ್ಪ ಧಾರಾಳವಾಗಿ, ಆ ಆನೆ ಏನೋ ನೋಡಬಾರದ್ದನ್ನು ನೋಡಿ ಗಾಬರಿಯಾದ ಹಾಗೆ ಕಾಣುತ್ತಿತ್ತು. ಈಗಲೂ ಹಾಗೇ ನೋಡುತ್ತದೆ.

ಮನೆಗೆ ತಂದು ಪೇಪರು ಬಿಚ್ಚಿ ಅತ್ತೆಯ ಮುಂದೆ ಹಿಡಿದೆ. ಅವರು ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದರು. ನೋಡಿದರು. ನೋಡುತ್ತಲೇ ಇದ್ದರು.

"ಇವಳ್ಯಾರೇ?" ಎಂದರು.

"ನಿಮ್ಮ ಲಕ್ಷ್ಮಿನೇ ಅತ್ತೆ! ಹೆಂಗೆ ಹೊಸದಾಗವ್ಳೆ ನೋಡಿ!"

"ಸೀರೆ?"

"ಹಳೇದು ಹುಳ ಹಿಡಿದಿತ್ತು, ಕಿತ್ತಾಕ್ಸಿ..."

ಅತ್ತೆ ತಟ್ಟೆಯನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನೆಲ ನೋಡುತ್ತಾ ನಿಧಾನವಾಗಿ ಹೇಳಿದರು: "ಅದು ನಮ್ಮಮ್ಮನ ಧಾರೆ ಸೀರೆ ಕಣೇ. ಉಟ್ಟು ಉಟ್ಟು ಹರಿದೋದ್ಮೇಲೆ, ಎಸೆಯೋಕೆ ಮನಸ್ಸಾಗ್ದೆ, ಲಕ್ಷ್ಮಿಗೆ ಉಡಿಸಿದ್ಲು. ನಂಗೆ ಒಂಬತ್ತು ವರ್ಷ. ಗೋಂದಿನ ಬಟ್ಲು ಹಿಡ್ಕೊಂಡು ನಾನೇ ಪಕ್ಕದಲ್ಲಿ ಕೂತಿದ್ದೆ. ಮುಂದಿನ ವರ್ಷ ಕೊನೇ ತಮ್ಮ ಹುಟ್ಟಿದಾಗ ಹೋಗ್ಬಿಟ್ಲು. ಅಮ್ಮಂದು ಒಂದು ಫೋಟೋ ಕೂಡ ಇಲ್ಲ. ಮುಖ ಮರೆತೋಗಿದೆ. ಆ ಸೀರೆ ಒಂದು ನೆನಪಿತ್ತು."

ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಬೀದಿಗೆ ಓಡಿ ಸಿಕ್ಕಿದ ಜಟಕಾ ಹತ್ತಿದೆ. ನನ್ನ ಅದೃಷ್ಟಕ್ಕೆ ಆ ಕುದುರೆ ನಿವೃತ್ತಿಗೆ ಹತ್ತಿರವಾಗಿತ್ತು. ದಾರಿಯಲ್ಲಿ ಹುಲ್ಲು ಕಂಡಲ್ಲೆಲ್ಲ ನಿಂತು ಯೋಚನೆ ಮಾಡುತ್ತಿತ್ತು. "ಓಡ್ಸಪ್ಪಾ, ನಮ್ಮತ್ತೆಯವರ ಅಮ್ಮನ್ನ ಮರಕ್ಕೆ ಹಾಕ್ತಾವ್ರೆ!" ಎಂದು ಕೂಗಿದೆ. ಗಾಡಿಯವನು ಹೆದರಿ ನಿಜವಾಗಿಯೂ ಓಡಿಸಿದ. ಅಂಗಡಿಗೆ ಬೀಗ. ಅಲ್ಲಿಂದ ಅಶ್ವತ್ಥಕಟ್ಟೆಗೆ ತಿರುಗಿಸಿಕೊಂಡು ಹೋದರೆ, ರಂಗಪ್ಪ ಚೀಲವನ್ನು ಬೋರಲು ಮಾಡಿ ಅರ್ಧ ಸುರಿದಾಗಿತ್ತು.

"ರಂಗಪ್ಪಾ, ನಿಲ್ಸಿ! ಆ ಲಕ್ಷ್ಮಿ ಸೀರೆ ಬೇಕು!"

"ಆಗಕಿಲ್ಲ ಕಣಮ್ಮ. ಕಟ್ಟೆಗೆ ಹಾಕಿದ್ದ ವಾಪಸ್ ತಗಂಡೋಗ್ಬಾರ್ದು. ಮನೆಗೆ ಒಳ್ಳೇದಲ್ಲ."

"ಪೂರ್ತಿ ಹಾಕಿಲ್ವಲ್ಲ ನೀವು. ಚೀಲದಲ್ಲಿರೋದು ಇನ್ನೂ ಅಂಗಡೀದೇ ತಾನೇ?"

ರಂಗಪ್ಪ ಯೋಚಿಸಿದ. ಚೀಲವನ್ನು ನೋಡಿದ, ಮರವನ್ನು ನೋಡಿದ. ಕೊನೆಗೆ, "ಚೀಲದಾಗೆ ಸಿಕ್ರೆ ನಿಮ್ದು. ನೆಲದಾಗಿದ್ರೆ ಮರದ್ದು" ಎಂದು ತೀರ್ಪು ಕೊಟ್ಟ. ನಾನು ಗೋಣಿಚೀಲದೊಳಗೆ ಭುಜದವರೆಗೂ ಕೈ ಹಾಕಿದೆ. ಹನುಮಂತನ ಬಾಲ, ಸೀತೆಯ ಅರ್ಧ ಮುಖ, ಯಾರದೋ ಕಿರೀಟ, ಕೆಜಿಗಟ್ಟಲೆ ಕುಂಕುಮ, ಎರಡು ಕಡೆ ಗಾಜು ಗೀರಿತು. ನೋಡಲು ಬಂದು ಸೇರಿದ ಜನಕ್ಕೆ ನಾನು ಚೀಲದಲ್ಲಿ ದೇವರನ್ನು ಹುಡುಕುವ ಹುಚ್ಚಿಯಂತೆ ಕಂಡಿರಬೇಕು. ಕೊನೆಗೆ ತಳದಲ್ಲಿ ಒಂದು ಮಡಿಕೆ ಬಟ್ಟೆ ಬೆರಳಿಗೆ ಸಿಕ್ಕಿತು. ಎಳೆದೆ. ಇಟ್ಟಿಗೆ ಬಣ್ಣ, ಅಂಗೈಯಗಲ. ಉಳಿದದ್ದೆಲ್ಲ ಕೀಳುವಾಗಲೇ ಪುಡಿಯಾಗಿತ್ತಂತೆ. ಅಲ್ಲೇ ಕಟ್ಟೆಯ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. "ಸಿಕ್ತಲ್ಲ ತಾಯಿ, ಈಗ್ಯಾಕೆ ಅಳ್ತೀರಾ" ಎಂದ ರಂಗಪ್ಪ.

ಅತ್ತೆ ಆ ತುಂಡನ್ನು ತೆಗೆದುಕೊಂಡು ಮೂಗಿಗೆ ಹಿಡಿದರು. "ಗೋಂದಿನ ವಾಸನೆ ಇನ್ನೂ ಇದೆ" ಎಂದರು. ಮುಖ, ಕೈ, ಸೀರೆ ಎಲ್ಲ ಕುಂಕುಮವಾಗಿ ನಿಂತಿದ್ದ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನಿಮಗ್ಯಾರಿಗಾದ್ರೂ ಕಾಫಿ ಬೇಕಾಗಿತ್ತೇನೋ" ಎಂದರು. ಆ ದಿನ ಕಾಫಿ ಬೇಕಾಗಿದ್ದದ್ದು ನನಗೆ. ಮಾಡಿಕೊಟ್ಟವರು ಅವರು.

ಶುಕ್ರವಾರ ಬೆಳಿಗ್ಗೆ ಅತ್ತೆ ಲಕ್ಷ್ಮಿಯ ಕಟ್ಟು ಬಿಚ್ಚಿ, ಆ ಗುಲಾಬಿ ಚಮಕಿಯನ್ನೆಲ್ಲ ಕಿತ್ತು, ಗೋಂದು ಕಲಸಿಟ್ಟುಕೊಂಡು, ಕೈಯಲ್ಲಿ ಕತ್ತರಿ ಹಿಡಿದು ಕರೆದರು. "ಶಾರದಾ, ನಿನ್ನ ಧಾರೆ ಸೀರೆ ತಗೊಂಬಾ."

ಅಪ್ಪ ಒಂದು ವರ್ಷದ ಕಾಯಿ ಮಾರಿ ತಂದ ಸೀರೆ ಅದು. ಶಿಕ್ಷೆ ಎಂದುಕೊಂಡೆ, ನ್ಯಾಯವಾದ ಶಿಕ್ಷೆಯೇ ಎಂದೂ ಅಂದುಕೊಂಡೆ. ತಂದು ಮುಂದಿಟ್ಟು ಕಣ್ಣು ಮುಚ್ಚಿಕೊಂಡೆ. ಕರ್ ಕರ್ ಎಂದು ಕತ್ತರಿಯ ಸದ್ದು.

"ಕಣ್ ಬಿಡೇ. ಒಳಗಡೆ ಸಿಕ್ಕಿಸ್ಕೊಳ್ಳೋ ಕಡೆ ತಗೊಂಡಿದೀನಿ, ಕಾಣಕಿಲ್ಲ" ಎಂದರು ಅತ್ತೆ. "ಅಮ್ಮಂದು ಸೆರಗಿಗೆ ಸಾಕಾಗತ್ತೆ. ನೆರಿಗೆಗೆ ಬಟ್ಟೆ ಬೇಕಲ್ಲ. ಅಂಗಡಿ ಬಟ್ಟೆ ಎಷ್ಟು ದಿನ ಬರತ್ತೆ? ಮನೇವ್ರ ಸೀರೇನೇ ಆಗ್ಬೇಕು."

ಮನೆಯವರ ಸೀರೆ. ನಾನು ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳಬೇಕೆಂದು, "ಏನಂದ್ರಿ ಅತ್ತೆ?" ಎಂದೆ. "ಗೋಂದಿನ ಬಟ್ಲು ಸರಿಯಾಗಿ ಹಿಡ್ಕೋ ಅಂದ್ನಪ್ಪ" ಎಂದರು ಅತ್ತೆ. ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

ಆ ಲಕ್ಷ್ಮಿ ಈಗಲೂ ನಮ್ಮ ನಡುಮನೆಯಲ್ಲಿದ್ದಾಳೆ. ಇಟ್ಟಿಗೆ ಬಣ್ಣದ ಸೆರಗು, ಅರಿಶಿನದ ನೆರಿಗೆ, ಗಾಬರಿಯ ಆನೆ. ಎಂಬತ್ತರ ದಶಕದ ಒಂದು ದೀಪಾವಳಿಯಲ್ಲಿ ಸಾವಿತ್ರತ್ತೆ ತಾವಾಗಿಯೇ ಬಂದು ಅವಳನ್ನು ನೋಡಿ, "ಅತ್ತಿಗೆ, ನೆರಿಗೆ ಯಾರದು?" ಎಂದು ಕೇಳಿದರು. "ಇವಳದು" ಎಂದು ನಮ್ಮತ್ತೆ ನನ್ನನ್ನು ತೋರಿಸಿದರು. ಸಾವಿತ್ರತ್ತೆ ಆವತ್ತು ತಂದ ಕಾಯಿಯನ್ನು ನಮ್ಮತ್ತೆ ಅಲ್ಲಾಡಿಸಿ ನೋಡದೆಯೇ ಒಳಗಿಟ್ಟರು.

ಇಷ್ಟನ್ನೂ ಸೊಸೆಗೆ ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವಳು ಕಣ್ಣೊರೆಸಿಕೊಂಡಳು. ಎದ್ದು ಹೋಗಿ ಪಟವನ್ನು ಹತ್ತಿರದಿಂದ ನೋಡಿದಳು. "ಅತ್ತೆ, ನೆರಿಗೆ ಅಂಚಲ್ಲಿ ಎಳೆ ಬಿಡ್ತಾ ಇದೆ" ಎಂದಳು. "ಹೂಂ, ನೋಡಿದೀನಿ" ಎಂದೆ. ಅವಳು ನನ್ನನ್ನು ನೋಡಿದಳು, ಪಟವನ್ನು ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಕೋಣೆಗೆ ಹೋದಳು. ಬೀರುವಿಗೆ ಬೀಗ ಹಾಕಿದ ಸದ್ದು ಕೇಳಿಸಿತು.

ಹಾಕಿಕೊಳ್ಳಲಿ ಪಾಪ, ಅವಸರವೇನಿಲ್ಲ. ಎಳೆ ಬಿಟ್ಟದ್ದು ನಾನು ಹೇಳದೆಯೇ ಅವಳ ಕಣ್ಣಿಗೆ ಬಿತ್ತಲ್ಲ, ಅಷ್ಟು ಸಾಕು. ಅತ್ತೆಯ ಕತ್ತರಿ ನನ್ನ ಹತ್ತಿರವೇ ಇದೆ.